ಲೇಸರ್ ಆದಮೇಲೆ ಕಣ್ಣೀರು ಮಾಡುವ ಕೆಲಸ

ಕನ್ನಡಕ ಬಿಡಿಸುವ ಲೇಸರ್ ಬಗ್ಗೆ ಯಾರನ್ನು ಕೇಳಿದರೂ ಮಾತು ಮೂರು ವಿಷಯಕ್ಕೇ ಬಂದು ನಿಲ್ಲುತ್ತದೆ. ಎಷ್ಟು ಖರ್ಚಾಯಿತು, ಎಷ್ಟು ಹೊತ್ತು ಹಿಡಿಯಿತು, ನೋವಾಯಿತಾ. ಯಂತ್ರ ಆಫ್ ಆದಮೇಲೆ ಕಣ್ಣಲ್ಲಿ ಏನು ನಡೆಯುತ್ತದೆ ಅನ್ನೋದನ್ನು ಯಾರೂ ಕೇಳುವುದಿಲ್ಲ. ನನಗೆ ಮಾತ್ರ ಅದೇ ಕುತೂಹಲ, ಯಾಕೆಂದರೆ ನನ್ನ ಪಾಲಿಗೆ ಬಂದದ್ದು ಪಿಆರ್‌ಕೆ, ಅಂದರೆ ಕಣ್ಣಿನ ಮೇಲಿನ ಹೊದಿಕೆಯನ್ನೇ ತೆಗೆದು ಮಾಡುವ ಲೇಸರ್. ಲೇಸಿಕ್, ಅಂದರೆ ಮೇಲಿನ ಪದರವನ್ನು ಮುಚ್ಚಳದ ಹಾಗೆ ಎತ್ತಿ ಕೆಳಗೆ ಮಾಡುವ ಲೇಸರ್, ಮಾಡಿಸಿಕೊಂಡ ಗೆಳತಿಯರು ಮಾರನೆಯ ದಿನವೇ ಮೊಬೈಲ್ ನೋಡುತ್ತಾ ಕೂತಿದ್ದರೆ, ನಾನು ಪರದೆ ಎಳೆದ ಕೋಣೆಯಲ್ಲಿ ಎರಡೂ ಕಣ್ಣಿಂದ ನೀರು ಸುರಿಸುತ್ತಾ ಮಲಗಿದ್ದೆ.

ಕಣ್ಣಿನ ಮುಂದಿನ ಪದರ, ಕಾರ್ನಿಯಾ, ಸ್ವಲ್ಪ ತೆಳು ಇದೆ, ಲೇಸಿಕ್ ಬೇಡ, ಮೇಲ್ಮೈಯಲ್ಲೇ ಮಾಡೋಣ ಅಂದರು ಡಾಕ್ಟರ್. ಸರಿಯಾದ ಮಾತೇ. ಆದರೆ ಹೊರಗೆ ಕೌಂಟರಿನಲ್ಲಿ ಪ್ಯಾಕೇಜ್ ವಿವರಿಸಿದ ಹುಡುಗಿ "ಹತ್ತೇ ನಿಮಿಷ ಮೇಡಂ, ಶನಿವಾರ ಮಾಡಿಸ್ಕೊಂಡ್ರೆ ಸೋಮವಾರ ಆಫೀಸು" ಅಂದಳು ನೋಡಿ, ಅದು ಲೇಸಿಕ್‌ಗೆ ಒಪ್ಪುವ ಮಾತು. ಪಿಆರ್‌ಕೆಗೆ ಶುದ್ಧ ಸುಳ್ಳು. ಯಾವ ಆಸ್ಪತ್ರೆ ಅಂತ ಕೇಳಬೇಡಿ, ಈ ಮಾತು ಎಲ್ಲ ಕಡೆ ಹೇಳ್ತಾರೆ.

ನೋಡಿಕೊಳ್ಳೋಕೆ ಅಂತ ಬಂದಿದ್ದ ಚಿಕ್ಕಪ್ಪನ ಮಗಳು ಸುಮ್ನೆ ಒಂದು ಪ್ರಶ್ನೆ ಕೇಳಿದಳು. "ಅಕ್ಕಾ, ಇಷ್ಟೊಂದು ನೀರು ಬರ್ತಿದೆಯಲ್ಲ, ಇದು ಗಾಯಕ್ಕೆ ಒಳ್ಳೇದಾ, ಕೆಟ್ಟದ್ದಾ?" ಆಗ ನನಗೆ ಮಾತಾಡುವ ಸ್ಥಿತಿ ಇರಲಿಲ್ಲ. ಕಣ್ಣು ಬಿಡುವ ಹಾಗಾದಮೇಲೆ ಓದುತ್ತಾ ಹೋದೆ. ಉತ್ತರ ಅಂದುಕೊಂಡದ್ದಕ್ಕಿಂತ ಜಾಸ್ತಿ ಸ್ವಾರಸ್ಯವಾಗಿದೆ.

ಮೊದಲು ಕಾರ್ನಿಯಾ. ಕರಿಗುಡ್ಡೆಯ ಮುಂದಿರುವ, ಆಚೆಯಿಂದೀಚೆಗೆ ಬೆಳಕು ಬಿಡುವ ಪದರ. ನಡುಭಾಗದಲ್ಲಿ ದಪ್ಪ ಅರ್ಧ ಮಿಲಿಮೀಟರ್‌ಗಿಂತ ಒಂಚೂರು ಜಾಸ್ತಿ, ಅಷ್ಟೇ. ಅದರ ಮೇಲೆ ಐದಾರು ಸಾಲು ಜೀವಕೋಶಗಳ ಹೊದಿಕೆ ಇದೆ, ಎಪಿಥೀಲಿಯಂ ಅಂತಾರೆ, ಸುಮಾರು 50 ಮೈಕ್ರಾನ್ (ಸಾವಿರ ಮೈಕ್ರಾನ್ ಸೇರಿದರೆ ಒಂದು ಮಿಲಿಮೀಟರ್). ಇಡೀ ಕಾರ್ನಿಯಾದಲ್ಲಿ ರಕ್ತನಾಳ ಒಂದೂ ಇಲ್ಲ. ಇದ್ದಿದ್ದರೆ ಬೆಳಕಿಗೆ ಅಡ್ಡ ಬರುತ್ತಿತ್ತು. ಕೈ ಕೊಯ್ದುಕೊಂಡರೆ ರಕ್ತ ಬಂದು ಹೆಪ್ಪುಗಟ್ಟುತ್ತದೆ, ಆ ರಕ್ತದ ಜೊತೆ ಬಂದ ವಸ್ತುಗಳೇ ರಿಪೇರಿ ಶುರು ಮಾಡುತ್ತವೆ. ಕಾರ್ನಿಯಾಕ್ಕೆ ಆ ಭಾಗ್ಯ ಇಲ್ಲ. ಅದಕ್ಕೆ ಬೇಕಾದದ್ದು ಸಿಗುವುದು ಮುಂದಿನಿಂದ ಕಣ್ಣೀರು, ಹಿಂದಿನಿಂದ ಕಣ್ಣೊಳಗಿನ ದ್ರವ, ಸುತ್ತಲಿನ ಅಂಚಿನ ರಕ್ತನಾಳಗಳಿಂದ ಸ್ವಲ್ಪ. ಮೇಲಿನ ಹೊದಿಕೆಗೆ ಗಾಯವಾದರೆ ತಕ್ಷಣ ಕೈಗೆಟುಕುವುದು ಕಣ್ಣೀರು.

ಪಿಆರ್‌ಕೆಯಲ್ಲಿ ಮಾಡುವುದೇನು ಅಂದರೆ, ಈ ಹೊದಿಕೆಯನ್ನು ನಡುಭಾಗದಲ್ಲಿ ಪೂರ್ತಿ ತೆಗೆದುಬಿಡುತ್ತಾರೆ. ಕೆಲವರು ತೆಳು ಮಾಡಿದ ಆಲ್ಕೋಹಾಲ್ ಹಾಕಿ ಸಡಿಲ ಮಾಡಿ ತೆಗೆಯುತ್ತಾರೆ, ಕೆಲವರು ಬ್ರಶ್‌ನಿಂದ, ಈಗ ಲೇಸರ್‌ನಿಂದಲೇ ತೆಗೆಯುವುದೂ ಇದೆ. ಆಮೇಲೆ 193 ನ್ಯಾನೋಮೀಟರಿನ ಎಕ್ಸೈಮರ್ ಲೇಸರ್ ಕೆಳಗಿನ ಪದರವನ್ನು ಪವರ್‌ಗೆ ತಕ್ಕಂತೆ ಸವೆಸುತ್ತದೆ. ಈ ಲೇಸರ್ ಅಂಗಾಂಶವನ್ನು ಸುಡದೆ ಅಚ್ಚುಕಟ್ಟಾಗಿ ಕೆತ್ತುತ್ತದೆ ಅಂತ ಕಂಡುಕೊಂಡವರಲ್ಲಿ ಮದ್ರಾಸಿನಲ್ಲಿ ಹುಟ್ಟಿದ ರಂಗಸ್ವಾಮಿ ಶ್ರೀನಿವಾಸನ್ ಒಬ್ಬರು. 1981ರ ನವೆಂಬರ್‌ನಲ್ಲಿ ನ್ಯೂಯಾರ್ಕ್ ಹತ್ತಿರದ ಐಬಿಎಂ ಲ್ಯಾಬಿಗೆ ಥ್ಯಾಂಕ್ಸ್‌ಗಿವಿಂಗ್ ಹಬ್ಬದೂಟದಲ್ಲಿ ಉಳಿದ ಟರ್ಕಿ ಕೋಳಿಯ ಚೂರು ತಂದು ಅದರ ಮೇಲೆ ಪ್ರಯೋಗ ಮಾಡಿದರಂತೆ. ಅವರಿಗೂ ಜೊತೆಗಾರರಾದ ಜೇಮ್ಸ್ ವಿನ್, ಸ್ಯಾಮ್ಯುಯೆಲ್ ಬ್ಲಮ್ ಅವರಿಗೂ 2013ರಲ್ಲಿ ಒಬಾಮ ಕೈಯಿಂದ ಅಮೆರಿಕದ ತಂತ್ರಜ್ಞಾನ ಪದಕ ಬಂತು. ಇಷ್ಟು ಜನ ಸೋಡಾಬುಡ್ಡಿ ಕನ್ನಡಕ ಎಸೆದ ನಮ್ಮ ಬೆಂಗಳೂರಿನಲ್ಲಿ ಈ ಹೆಸರು ಗೊತ್ತಿರುವವರು ಎಷ್ಟು ಜನ?

ಇರಲಿ. ಹೊದಿಕೆ ತೆಗೆದಾಯಿತು, ಲೇಸರ್ ಆಯಿತು, ಮೇಲೆ ಗಾಯ ಕಾಯುವ ಒಂದು ಬ್ಯಾಂಡೇಜ್ ಲೆನ್ಸ್ ಇಟ್ಟು ಮನೆಗೆ ಕಳಿಸಿದರು. ಈಗ ಅಂಚಿನಲ್ಲಿ ಉಳಿದ ಜೀವಕೋಶಗಳು ಬಂದು ಖಾಲಿ ಜಾಗ ಮುಚ್ಚಬೇಕು. ಕೆರೆಯಲ್ಲಿ ಕೊಡದಿಂದ ಪಾಚಿ ಸರಿಸಿ ನೀರು ತುಂಬಿಕೊಂಡಮೇಲೆ ಪಾಚಿ ಮೆಲ್ಲಗೆ ಸುತ್ತಲಿಂದ ಸರಿದು ಬಂದು ಮುಚ್ಚಿಕೊಳ್ಳುತ್ತದಲ್ಲ, ಹಾಗೆ. ಮೊದಲು ಅವು ಚಪ್ಪಟೆಯಾಗಿ ತೆವಳುತ್ತವೆ. ಹಿಂದಿನ ಸಾಲಿನವು ಒಡೆದು ಎರಡಾಗುತ್ತಾ ಸಂಖ್ಯೆ ಹೆಚ್ಚಿಸಿಕೊಳ್ಳುತ್ತವೆ. ಸಾಮಾನ್ಯವಾಗಿ ಮೂರರಿಂದ ಐದು ದಿನದಲ್ಲಿ ಜಾಗ ಮುಚ್ಚುತ್ತದೆ, ಆಗ ಲೆನ್ಸ್ ತೆಗೆಯುತ್ತಾರೆ. ಆದರೆ ಮುಚ್ಚಿದ ಮಾತ್ರಕ್ಕೆ ಮುಗಿಯಲಿಲ್ಲ. ಕೆಳಗಿನ ಪದರಕ್ಕೆ ಗಟ್ಟಿಯಾಗಿ ಅಂಟಿಕೊಳ್ಳೋಕೆ ವಾರಗಟ್ಟಲೆ ಬೇಕು. ಲೆನ್ಸ್ ತೆಗೆದ ಖುಷಿಯಲ್ಲಿ ಕಣ್ಣು ಉಜ್ಜಿಬಿಟ್ಟೀರಿ ಜೋಕೆ.

ಹಾಗಾದರೆ ಆ ಜೀವಕೋಶಗಳಿಗೆ "ಏಳಿ, ತೆವಳಿ, ಒಡೆಯಿರಿ" ಅಂತ ಹೇಳುವವರು ಯಾರು? ಗ್ರೋತ್ ಫ್ಯಾಕ್ಟರ್‌ಗಳು. ಚಿಕ್ಕ ಪ್ರೋಟೀನುಗಳು. ಒಂದು ಜೀವಕೋಶ ಬಿಟ್ಟದ್ದನ್ನು ಇನ್ನೊಂದು ಜೀವಕೋಶ ತನ್ನ ಮೈಮೇಲಿನ ಗ್ರಾಹಕದಿಂದ (ರಿಸೆಪ್ಟರ್) ಹಿಡಿದುಕೊಂಡು ಕೆಲಸ ಶುರು ಮಾಡುತ್ತದೆ. ಇವುಗಳಲ್ಲಿ ಹೆಸರುವಾಸಿ ಇಜಿಎಫ್, ಎಪಿಡರ್ಮಲ್ ಗ್ರೋತ್ ಫ್ಯಾಕ್ಟರ್. ಅದು ಸಿಕ್ಕಿದ ಕಥೆಗೂ ಕಣ್ಣಿಗೂ ನಂಟಿದೆ. ಸ್ಟ್ಯಾನ್ಲಿ ಕೊಹೆನ್ ಅನ್ನುವ ಅಮೆರಿಕದ ವಿಜ್ಞಾನಿ ಇಲಿಯ ಜೊಲ್ಲುಗ್ರಂಥಿಯಿಂದ ಬೇರೆ ಏನನ್ನೋ ಹುಡುಕುತ್ತಿದ್ದರು. ಗ್ರಂಥಿಯ ರಸವನ್ನು ಆಗ ತಾನೇ ಹುಟ್ಟಿದ ಇಲಿಮರಿಗಳಿಗೆ ಚುಚ್ಚಿದರೆ ಅವು ಕಣ್ಣು ಬಿಡುವುದು ಎರಡು ವಾರಕ್ಕಲ್ಲ, ಒಂದೇ ವಾರಕ್ಕೆ! ಹಲ್ಲೂ ಬೇಗ ಬಂತು. ಬೇರೆಯವರಾಗಿದ್ದರೆ ಇದೇನೋ ಅಡ್ಡ ಪರಿಣಾಮ ಅಂತ ಬಿಟ್ಟುಬಿಡುತ್ತಿದ್ದರೇನೋ. ಕೊಹೆನ್ ಬೆನ್ನುಹತ್ತಿ 1962ರಲ್ಲಿ ಆ ಪ್ರೋಟೀನನ್ನು ಬೇರ್ಪಡಿಸಿ ಪ್ರಕಟಿಸಿದರು.

ಅವರು ಮೊದಲು ಹುಡುಕುತ್ತಿದ್ದದ್ದು ಎನ್‌ಜಿಎಫ್, ನರಗಳನ್ನು ಬೆಳೆಸುವ ಪ್ರೋಟೀನು. ಅದರ ಬೆನ್ನು ಬಿದ್ದಿದ್ದವರು ಇಟಲಿಯ ರೀತಾ ಲೆವಿ-ಮೊಂಟಾಲ್ಚೀನಿ. 1938ರ ಜನಾಂಗೀಯ ಕಾನೂನಿನಿಂದ ಯಹೂದಿ ಅನ್ನೋ ಕಾರಣಕ್ಕೆ ಕೆಲಸ ಹೋದಾಗ ಮಲಗುವ ಕೋಣೆಯಲ್ಲೇ ಲ್ಯಾಬ್ ಮಾಡಿಕೊಂಡು ಕೋಳಿಮೊಟ್ಟೆಯ ಭ್ರೂಣಗಳನ್ನು ಕೊಯ್ದು ನೋಡುತ್ತಿದ್ದ ಹೆಂಗಸು. ಇಬ್ಬರಿಗೂ ಸೇರಿ 1986ರಲ್ಲಿ ನೊಬೆಲ್ ಬಂತು. ಆಕೆ 103 ವರ್ಷ ಬದುಕಿದ್ದರು. ಇವರ ಬಗ್ಗೆಯೇ ಒಂದು ಬೇರೆ ಪೋಸ್ಟ್ ಬರೆಯಬಹುದು, ಬೇಡ ಬಿಡಿ, ದಾರಿ ತಪ್ಪುತ್ತೇನೆ.

ಈಗ ಕಣ್ಣೀರಿಗೆ ಬರೋಣ. ಹುಬ್ಬಿನ ಹೊರತುದಿಯ ಕೆಳಗೆ, ಮೂಳೆಯ ಮರೆಯಲ್ಲಿ ಕಣ್ಣೀರಿನ ಗ್ರಂಥಿ ಇದೆ. ಇಜಿಎಫ್ ಅಲ್ಲಿಂದ ಕಣ್ಣೀರಿನ ಜೊತೆ ಬರುತ್ತದೆ. ಗಾಯ ಇಲ್ಲದ ದಿನವೂ ಬರುತ್ತದೆ, ಯಾಕೆಂದರೆ ಕಾರ್ನಿಯಾದ ಹೊದಿಕೆ ಹೇಗೂ ವಾರ ಹತ್ತು ದಿನಕ್ಕೊಮ್ಮೆ ಪೂರ್ತಿ ಹೊಸದಾಗುತ್ತಿರುತ್ತದೆ. ಕಣ್ಣ ಮೇಲೆ ಯಾವಾಗಲೂ ಇರುವ ಕಣ್ಣೀರು ಎಷ್ಟು ಅಂದುಕೊಂಡಿರಿ? ಏಳು ಮೈಕ್ರೋಲೀಟರ್ ಆಸುಪಾಸು. ಡ್ರಾಪ್ಸ್ ಬಾಟಲಿಯ ಒಂದು ಹನಿ ಅದಕ್ಕಿಂತ ಎಷ್ಟೋ ದೊಡ್ಡದು. ಒಂದು ಹನಿ ಸಾಕು, ಎರಡು ಹಾಕಿದರೆ ಉಳಿದದ್ದು ಕೆನ್ನೆಗೆ ಅಂತ ಡಾಕ್ಟರ್ ಹೇಳೋದು ಇದಕ್ಕೇ.

ಕಣ್ಣಿಗೆ ಏನಾದರೂ ಬಿದ್ದಾಗ ಅಥವಾ ಗಾಯದ ಉರಿಗೆ ನೀರು ಸುರಿದಾಗ ಈ ಇಜಿಎಫ್ ಏನಾಗುತ್ತದೆ? 1990ರ ಹೊತ್ತಿಗೆ ಫಿನ್‌ಲೆಂಡಿನ ಸಂಶೋಧಕರು ಇದನ್ನು ಅಳೆದರು. ಒಂದು ಹನಿಯಲ್ಲಿ ಇರುವ ಪ್ರಮಾಣ ಕಮ್ಮಿಯಾಗುತ್ತದೆ, ನೀರು ಜಾಸ್ತಿ ಬಂದು ತೆಳುವಾಗುವುದರಿಂದ. ಆದರೆ ಒಂದು ನಿಮಿಷಕ್ಕೆ ಒಟ್ಟು ಹೊರಬರುವ ಇಜಿಎಫ್ ಲೆಕ್ಕ ಹಾಕಿದರೆ ಅದು ಹೆಚ್ಚು. ಅಂದರೆ ಚಿಕ್ಕಪ್ಪನ ಮಗಳ ಪ್ರಶ್ನೆಗೆ ಉತ್ತರ ಹೀಗೆ: ಗ್ರಂಥಿ ತನ್ನ ಕೈಲಾದಷ್ಟು ಕಳಿಸುತ್ತಿದೆ, ಆ ಸುರಿಯುವಿಕೆ ಗಾಯಕ್ಕೆ ಕಣ್ಣು ಕೊಡುವ ಉತ್ತರವೇ. ಹಾಗಂತ ಈರುಳ್ಳಿ ಹೆಚ್ಚಿ, ಧಾರಾವಾಹಿ ನೋಡಿ ಬೇಕಂತಲೇ ಅತ್ತರೆ ಗಾಯ ಬೇಗ ಮಾಯುತ್ತದೆ ಅಂತ ಅರ್ಥ ಅಲ್ಲ. ಕೆನ್ನೆಗಿಳಿದ ಇಜಿಎಫ್ ಕಾರ್ನಿಯಾಕ್ಕೆ ಏನೂ ಮಾಡಲ್ಲ.

ಇಜಿಎಫ್ ನಿಜವಾಗಿ ಎಷ್ಟು ಮುಖ್ಯ ಅನ್ನೋದಕ್ಕೆ ನನಗೆ ತುಂಬಾ ಹಿಡಿಸಿದ ಸಾಕ್ಷಿ ಸಿಕ್ಕಿದ್ದು ಕಣ್ಣಿನ ಪುಸ್ತಕದಲ್ಲಲ್ಲ, ಕ್ಯಾನ್ಸರ್ ಔಷಧಿಗಳ ಅಡ್ಡ ಪರಿಣಾಮಗಳ ಪಟ್ಟಿಯಲ್ಲಿ. ಎರ್ಲೋಟಿನಿಬ್, ಸೆಟುಕ್ಸಿಮ್ಯಾಬ್ ಥರದ ಔಷಧಿಗಳು ಇಜಿಎಫ್ ಗ್ರಾಹಕವನ್ನೇ ತಡೆಯುತ್ತವೆ. ಗೆಡ್ಡೆ ಬೆಳೆಯದಿರಲಿ ಅಂತ ಕೊಡುವುದು. ಅವನ್ನು ತೆಗೆದುಕೊಳ್ಳುವ ಕೆಲವರಿಗೆ ಕಾರ್ನಿಯಾದ ಹೊದಿಕೆ ತಾನಾಗೇ ಅಲ್ಲಲ್ಲಿ ಕಿತ್ತುಹೋಗುತ್ತದೆ, ಗಾಯ ಮಾಯುವುದಿಲ್ಲ. ರೆಪ್ಪೆಗೂದಲು ವಿಚಿತ್ರವಾಗಿ ಉದ್ದ ಬೆಳೆಯುವುದೂ ಉಂಟು. ಸಂದೇಶ ನಿಂತರೆ ರಿಪೇರಿಯೂ ನಿಲ್ಲುತ್ತದೆ ಅನ್ನೋದಕ್ಕೆ ಇದಕ್ಕಿಂತ ಸಾಕ್ಷಿ ಬೇಕಾ.

ಹಾಗಾದರೆ ಇಜಿಎಫ್ ಡ್ರಾಪ್ಸ್ ಮಾಡಿ ಲೇಸರ್ ಆದವರಿಗೆಲ್ಲ ಹಾಕಿಬಿಡಬಹುದಲ್ಲ ಅಂತ ನಿಮಗೂ ಅನಿಸಿರಬೇಕು. ಪ್ರಯತ್ನ ನಡೆದಿದೆ. ಚೀನಾದಲ್ಲಿ ಇಂಥ ಡ್ರಾಪ್ಸ್ ಬಳಕೆಯಲ್ಲೂ ಇವೆ. ಆದರೆ ಬೇರೆ ಕಡೆ ಇದು ದಿನನಿತ್ಯದ ಔಷಧಿ ಆಗಲಿಲ್ಲ. ಆರೋಗ್ಯವಂತ ಕಣ್ಣು ಹೇಗೂ ಕೆಲವೇ ದಿನದಲ್ಲಿ ಮುಚ್ಚಿಕೊಳ್ಳುತ್ತದೆ, ಅದರ ಮೇಲೆ ಅರ್ಧ ದಿನ ಉಳಿಸಿ ಏನು ಸಾಧಿಸೋದು? ನನ್ನ ಲೆಕ್ಕದಲ್ಲಿ ಇನ್ನೂ ದೊಡ್ಡ ಕಾರಣ ಅಂದರೆ, ಪಿಆರ್‌ಕೆಯಲ್ಲಿ ಡಾಕ್ಟರ್‌ಗಳಿಗೆ ನಿಜವಾದ ತಲೆನೋವು ನಿಧಾನ ಅಲ್ಲ, ಅತಿಯಾದ ರಿಪೇರಿ.

ಇಲ್ಲಿ ಬರುತ್ತದೆ ಟಿಜಿಎಫ್-ಬೀಟಾ. ಇದೂ ಗ್ರೋತ್ ಫ್ಯಾಕ್ಟರ್ರೇ, ಇದೂ ಕಣ್ಣೀರಿನಲ್ಲಿ ಇರುತ್ತದೆ. ಪಿಆರ್‌ಕೆ ಆದಮೇಲೆ ಕಣ್ಣೀರಿನಲ್ಲಿ ಇದರ ಬಿಡುಗಡೆ ಹೆಚ್ಚುತ್ತದೆ ಅಂತ ಫಿನ್‌ಲೆಂಡಿನ ಹೆಲ್ಸಿಂಕಿಯವರು 1990ರ ದಶಕದಲ್ಲೇ ತೋರಿಸಿದ್ದಾರೆ. ಹೊದಿಕೆ ಕಿತ್ತ ತಕ್ಷಣ ಅದರ ಕೆಳಗಿನ ಪದರದಲ್ಲಿರುವ ಕೆರಟೋಸೈಟ್ ಅನ್ನುವ ಜೀವಕೋಶಗಳು ಸಾಯುತ್ತವೆ. ಲೇಸರ್ ಬೇಕಿಲ್ಲ, ಬರೀ ಹೊದಿಕೆ ಕೆರೆದರೂ ಸಾಕು. ಮೇಲಿನವು ಗಾಯಗೊಂಡಾಗ ಬಿಡುವ ಇಂಟರ್‌ಲ್ಯೂಕಿನ್-1 ಅನ್ನುವ ವಸ್ತು ಕೆಳಗಿನವುಗಳಿಗೆ ಸಾವಿನ ಸೂಚನೆ ಆಗುತ್ತದೆ. ಉಳಿದ ಕೆರಟೋಸೈಟ್‌ಗಳು ಸಂಖ್ಯೆ ಹೆಚ್ಚಿಸಿಕೊಂಡು ಖಾಲಿ ತುಂಬುತ್ತವೆ, ಮೇಲಿನ ಹೊದಿಕೆಗೆ ಎಚ್‌ಜಿಎಫ್, ಕೆಜಿಎಫ್ ಅನ್ನುವ ಗ್ರೋತ್ ಫ್ಯಾಕ್ಟರ್ ಸಂದೇಶಗಳನ್ನೂ ಕಳಿಸುತ್ತವೆ. ಮೇಲೆ ಕೆಳಗೆ ಹೀಗೆ ಮಾತುಕತೆ ನಡೆಯುತ್ತಲೇ ಇರುತ್ತದೆ. ಇಲ್ಲಿಯವರೆಗೆ ಸರಿ. ಟಿಜಿಎಫ್-ಬೀಟಾ ಕೆಳಗಿಳಿದು ಈ ಜೀವಕೋಶಗಳಿಗೆ ತುಂಬಾ ದಿನ ಸಿಗುತ್ತಲೇ ಹೋದರೆ ಅವುಗಳಲ್ಲಿ ಕೆಲವು ಮಯೋಫೈಬ್ರೋಬ್ಲಾಸ್ಟ್ ಅನ್ನುವ ಕಲೆ ಕಟ್ಟುವ ಜೀವಕೋಶಗಳಾಗಿ ಬದಲಾಗುತ್ತವೆ. ಅವು ಬೆಳಕನ್ನು ನೇರವಾಗಿ ಬಿಡುವುದಿಲ್ಲ, ಮೇಲಾಗಿ ಅಡ್ಡಾದಿಡ್ಡಿ ಕೊಲಾಜನ್ ನಾರು ಹಾಕುತ್ತವೆ. ಕಾರ್ನಿಯಾ ಮಬ್ಬಾಗುತ್ತದೆ. ಡಾಕ್ಟರ್‌ಗಳು ಇದನ್ನೇ ಹೇಝ್ ಅನ್ನುವುದು.

ಕೈಮೇಲಿನ ಗಾಯಕ್ಕೆ ಕಲೆ ಉಳಿದರೆ ಯಾರಿಗೇನು ನಷ್ಟ? ಕಾರ್ನಿಯಾದಲ್ಲಿ ಕಲೆ ಉಳಿದರೆ ನೋಟವೇ ಹೋಯಿತು.

ಇದನ್ನು ತಡೆಯುವುದು ಹೊದಿಕೆಯ ತಳದಲ್ಲಿರುವ ತೆಳು ಪೊರೆ. ಅದು ಮತ್ತೆ ಸರಿಯಾಗಿ ಕಟ್ಟಿಕೊಂಡರೆ ಟಿಜಿಎಫ್-ಬೀಟಾ ಮೇಲೇ ನಿಲ್ಲುತ್ತದೆ, ಕೆಳಗಿನ ಮಯೋಫೈಬ್ರೋಬ್ಲಾಸ್ಟ್‌ಗಳು ಸಂದೇಶ ಸಿಗದೆ ಸಾಯುತ್ತವೆ, ಮಬ್ಬು ಕರಗುತ್ತದೆ. ಪೊರೆ ಕಟ್ಟುವುದು ತಡವಾದರೆ ಮಬ್ಬು ನಿಲ್ಲುತ್ತದೆ. ಲೇಸಿಕ್‌ನವರಿಗೆ ಹೇಝ್ ಅಪರೂಪ ಯಾಕೆ ಅಂತಲೂ ಇದರಿಂದ ಗೊತ್ತಾಗುತ್ತದೆ. ಅಲ್ಲಿ ಸುಮಾರು 100-120 ಮೈಕ್ರಾನ್ ದಪ್ಪದ ಫ್ಲ್ಯಾಪ್ ಎತ್ತಿ, ಕೆಳಗೆ ಲೇಸರ್ ಮಾಡಿ, ಮತ್ತೆ ಮುಚ್ಚುತ್ತಾರೆ. ನಡುಭಾಗದ ಹೊದಿಕೆ, ಪೊರೆ ಎರಡೂ ಹಾಗೇ ಇರುತ್ತವೆ. ಗಾಯ ಅನ್ನೋದು ಫ್ಲ್ಯಾಪಿನ ಅಂಚಿನಲ್ಲಿ ಮಾತ್ರ. ಅದಕ್ಕೇ ನೋವೂ ಕಮ್ಮಿ. ಆದರೆ ರಿಪೇರಿ ಸಂದೇಶವೇ ಹೋಗದ ಕಡೆ ಅಂಟೂ ಗಟ್ಟಿಯಾಗುವುದಿಲ್ಲ. ಫ್ಲ್ಯಾಪ್ ಅಂಚಿನಲ್ಲಿ ಹಿಡಿದುಕೊಳ್ಳುತ್ತದೆ, ಒಳಗೆ ಮೊದಲಿನ ಬಲ ಎಂದಿಗೂ ಬರುವುದಿಲ್ಲ. ವರ್ಷಗಳಾದ ಮೇಲೂ ಜೋರು ಪೆಟ್ಟಿಗೆ ಫ್ಲ್ಯಾಪ್ ಸರಿದ ಉದಾಹರಣೆಗಳಿವೆ. ಪೆಟ್ಟು ಬೀಳುವ ಆಟ, ಕೆಲಸ ಇರುವವರಿಗೆ ಪಿಆರ್‌ಕೆ ಒಳ್ಳೆಯದು ಅನ್ನೋದು ಇದಕ್ಕೆ.

ಲೇಸಿಕ್‌ಗೆ ಇನ್ನೊಂದು ಕಾಟ ಇದೆ, ಒಣ ಕಣ್ಣು. ಕಾರ್ನಿಯಾದಲ್ಲಿ ಚರ್ಮಕ್ಕಿಂತ ನೂರಾರು ಪಟ್ಟು ಒತ್ತಾಗಿ ನರದ ತುದಿಗಳಿವೆ, ಒಂದು ಧೂಳಿನ ಕಣಕ್ಕೂ ಕಣ್ಣು ಒದ್ದಾಡುವುದು ಇದರಿಂದಲೇ. ಈ ನರಗಳು ಮಿದುಳಿಗೆ ಸುದ್ದಿ ಕೊಡುತ್ತವೆ, ಮಿದುಳು ಕಣ್ಣೀರಿನ ಗ್ರಂಥಿಗೆ ಅಪ್ಪಣೆ ಕೊಡುತ್ತದೆ, ಗ್ರಂಥಿ ಇಜಿಎಫ್ ಬೆರೆತ ಕಣ್ಣೀರು ಕಳಿಸುತ್ತದೆ, ಆ ಕಣ್ಣೀರು ಮತ್ತೆ ಕಾರ್ನಿಯಾವನ್ನು ಸಾಕುತ್ತದೆ. ಫ್ಲ್ಯಾಪ್ ಕೊಯ್ಯುವಾಗ ನರಗಳು ತುಂಡಾಗಿ ಈ ಸುತ್ತು ಮುರಿಯುತ್ತದೆ. ನರ ಮತ್ತೆ ಬೆಳೆಯೋಕೆ ತಿಂಗಳುಗಳು, ಕೆಲವರಿಗೆ ವರ್ಷ ದಾಟುತ್ತದೆ. ಸ್ಮೈಲ್ ಅನ್ನುವ ಹೊಸ ವಿಧಾನದಲ್ಲಿ ಕೆಲವೇ ಮಿಲಿಮೀಟರಿನ ಚಿಕ್ಕ ಕೊಯ್ತ ಇರುವುದರಿಂದ ನರ ಕಡಿಯುವುದು ಕಮ್ಮಿ. ಎಸಿ ಆಫೀಸಿನಲ್ಲಿ ದಿನವಿಡೀ ರೆಪ್ಪೆ ಬಡಿಯದೆ ಸ್ಕ್ರೀನ್ ನೋಡುವ ನಮ್ಮಂಥವರು ಇದನ್ನು ಲೇಸರ್‌ಗೆ ಮುಂಚೆ ಯೋಚಿಸಬೇಕು, ಆಮೇಲಲ್ಲ.

ಇಷ್ಟು ಓದಿದಮೇಲೆ ಡಾಕ್ಟರ್ ಕೊಟ್ಟಿದ್ದ ಚೀಟಿಯೇ ಬೇರೆ ಥರ ಕಂಡಿತು. ಲೇಸರ್ ಆದ ಕೂಡಲೇ ಕೆಲವು ಸೆಕೆಂಡು ಇಟ್ಟು ತೊಳೆಯುವ ಮೈಟೋಮೈಸಿನ್, ನೂರಕ್ಕೆ 0.02ರಷ್ಟು ತೆಳು ಮಾಡಿದ ಕ್ಯಾನ್ಸರ್ ಔಷಧಿ. ಕೆರಟೋಸೈಟ್‌ಗಳು ಅತಿಯಾಗಿ ಹೆಚ್ಚದಿರಲಿ ಅಂತ. ತಿಂಗಳುಗಟ್ಟಲೆ ಮೆಲ್ಲಗೆ ಕಮ್ಮಿ ಮಾಡುತ್ತಾ ಹೋಗುವ ಸ್ಟೀರಾಯ್ಡ್ ಡ್ರಾಪ್ಸ್, ಅದೇ ಅತಿ ಉತ್ಸಾಹಕ್ಕೆ ಕಡಿವಾಣ. ಇದನ್ನು "ಈಗ ಚೆನ್ನಾಗಿ ಕಾಣ್ತಿದೆಯಲ್ಲ" ಅಂತ ನಡುವೆ ನಿಲ್ಲಿಸುವವರು ಬಹಳ, ಡಾಕ್ಟರನ್ನು ಕೇಳದೆ ಮುಂದುವರಿಸುವವರೂ ಇದ್ದಾರೆ. ಎರಡೂ ಅಪಾಯ, ಸ್ಟೀರಾಯ್ಡ್ ಜಾಸ್ತಿ ದಿನ ಹಾಕಿದರೆ ಕಣ್ಣಿನ ಒತ್ತಡ ಏರಬಹುದು, ಅದಕ್ಕೇ ನಡುನಡುವೆ ಕರೆದು ಪ್ರೆಶರ್ ನೋಡುವುದು. ತಂಪು ಕನ್ನಡಕ ಸ್ಟೈಲಿಗಲ್ಲ, ಬಿಸಿಲಿನ ಅತಿನೇರಳೆ ಕಿರಣ ಹೇಝ್ ಹೆಚ್ಚಿಸುತ್ತದೆ. ಪ್ರಿಸರ್ವೇಟಿವ್ ಇಲ್ಲದ ಕೃತಕ ಕಣ್ಣೀರು ದುಬಾರಿ ಅಂತ ಗೊಣಗುತ್ತೇವೆ, ಆದರೆ ಸಾಮಾನ್ಯವಾಗಿ ಬಳಸುವ ಪ್ರಿಸರ್ವೇಟಿವ್ ಆದ ಬೆಂಜಾಲ್ಕೋನಿಯಂ ಕ್ಲೋರೈಡ್ ಹೊಸದಾಗಿ ಕಟ್ಟಿಕೊಳ್ಳುತ್ತಿರುವ ಹೊದಿಕೆಗೇ ತೊಂದರೆ ಕೊಡುತ್ತದೆ. ಮತ್ತೆ ಒಂದು ಮಾತು, ಮರಗಟ್ಟಿಸುವ ಡ್ರಾಪ್ಸ್ ಹಾಕಿದಾಗ ನೋವು ಮಾಯ ಆಗುತ್ತದಲ್ಲ, ಅದನ್ನು ಮೆಡಿಕಲ್ ಶಾಪಿನಲ್ಲಿ ಹೇಗಾದರೂ ತರಿಸಿಕೊಳ್ಳೋಣ ಅಂತ ಯಾರಿಗಾದರೂ ಅನಿಸಿದರೆ ಬೇಡ. ಪದೇ ಪದೇ ಹಾಕಿದರೆ ಹೊದಿಕೆ ಬೆಳೆಯುವುದೇ ನಿಲ್ಲುತ್ತದೆ, ಕಾರ್ನಿಯಾ ಕರಗಿ ಕಣ್ಣು ಕಳೆದುಕೊಂಡವರಿದ್ದಾರೆ.

ನಮ್ಮಮ್ಮನದು ಬೇರೆಯೇ ಚೀಟಿ. ನಂದಿಬಟ್ಟಲು ಹೂ ನೆನೆಸಿದ ನೀರು, ಹರಳೆಣ್ಣೆ, ಪಕ್ಕದ ಮನೆಯಲ್ಲಿ ಬಾಣಂತಿ ಇದ್ದಾಳೆ ಎದೆಹಾಲು ಎರಡು ಹನಿ ತರಲಾ ಅಂತ. ನಗಬೇಡಿ, ಎದೆಹಾಲಿನಲ್ಲಿ ಇಜಿಎಫ್ ನಿಜವಾಗಿಯೂ ಇದೆ. ಆದರೆ ಅದರ ಜೊತೆ ರೋಗಾಣುಗಳೂ ಬರಬಹುದು. ಹೊದಿಕೆ ಇಲ್ಲದ ಕಾರ್ನಿಯಾಕ್ಕೆ ಸೋಂಕು ತಗುಲಿದರೆ ಒಂದೆರಡು ದಿನದಲ್ಲಿ ನೋಟ ಹಾಳಾಗಬಹುದು. "ಅಮ್ಮಾ, ಈ ಕಣ್ಣಿಗೆ ಬಾಟಲಿಯಲ್ಲಿ ಸೀಲ್ ಆಗಿ ಬಂದದ್ದು ಬಿಟ್ಟು ಬೇರೇನೂ ಬೇಡ" ಅಂದೆ. "ನಿಮಗೆಲ್ಲ ಅದರಲ್ಲೇ ನಂಬಿಕೆ" ಅಂತ ಮುನಿಸಿಕೊಂಡರು, ಹೋಗಲಿ.

ಅಮ್ಮನ ಯೋಚನೆಯ ಸೋಂಕಿಲ್ಲದ ರೂಪ ಆಸ್ಪತ್ರೆಯಲ್ಲೇ ಇದೆ. ನಿಮ್ಮದೇ ರಕ್ತ ತೆಗೆದು, ಹೆಪ್ಪುಗಟ್ಟಿಸಿ, ತಿರುಗಿಸಿ, ಮೇಲೆ ನಿಂತ ಸೀರಂ ತೆಗೆದು ಸಲೈನ್ ಬೆರೆಸಿ ಡ್ರಾಪ್ಸ್ ಮಾಡಿಕೊಡುತ್ತಾರೆ. ಅದರಲ್ಲಿ ಇಜಿಎಫ್, ವಿಟಮಿನ್ ಎ, ಜೀವಕೋಶ ಅಂಟಿಕೊಳ್ಳೋಕೆ ನೆರವಾಗುವ ಫೈಬ್ರೊನೆಕ್ಟಿನ್ ಎಲ್ಲ ಇರುತ್ತವೆ. ಸಾಮಾನ್ಯವಾಗಿ 20 ಪರ್ಸೆಂಟ್‌ಗೆ ಇಳಿಸುತ್ತಾರೆ, ಒಂದು ಕಾರಣ ಗೊತ್ತಾ? ಸೀರಂನಲ್ಲಿ ಟಿಜಿಎಫ್-ಬೀಟಾ ಕಣ್ಣೀರಿಗಿಂತ ತುಂಬಾ ಜಾಸ್ತಿ. ಹಾಗೇ ಹಾಕಿದರೆ ಮಾಯಿಸಬೇಕಾದದ್ದೇ ತಡೆದೀತು ಅನ್ನೋ ಭಯ. ಒಣ ಕಣ್ಣು ವಿಪರೀತ ಆದವರಿಗೆ, ಹೊದಿಕೆ ಮುಚ್ಚದೇ ಉಳಿದವರಿಗೆ ಇದನ್ನು ಕೊಡುತ್ತಾರೆ, ಎಲ್ಲರಿಗೂ ಅಲ್ಲ. ಫ್ರಿಜ್ಜಿನಲ್ಲೇ ಇಡಬೇಕು, ಹೊರಗೆ ಬಿಟ್ಟರೆ ಕೆಡುತ್ತದೆ.

ಲೆವಿ-ಮೊಂಟಾಲ್ಚೀನಿಯ ಎನ್‌ಜಿಎಫ್ ಕೂಡ ಕೊನೆಗೆ ಕಣ್ಣಿಗೇ ಬಂತು. ಸೆನೆಜರ್ಮಿನ್ ಅನ್ನುವ ಹೆಸರಿನ ಡ್ರಾಪ್ಸಿಗೆ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ 2018ರಲ್ಲಿ ಒಪ್ಪಿಗೆ ಕೊಟ್ಟಿತು. ಕಾರ್ನಿಯಾದ ನರ ಸತ್ತು ಗಾಯ ಮಾಯದವರಿಗೆ. ಬೆಲೆ ಮಾತ್ರ ನಮ್ಮಂಥವರು ಕೇಳಿ ಸುಮ್ಮನಾಗುವಷ್ಟು.

ಲೇಸರ್ ಮಾಡಿಸಬೇಕು ಅಂತಿರುವವರಿಗೆ ನಾನು ಹೇಳುವುದು, ಮೊದಲು ಕಣ್ಣೀರು ನೋಡಿಸಿಕೊಳ್ಳಿ. ಷಿರ್ಮರ್ ಪರೀಕ್ಷೆ ಅಂತ ಇದೆ, ಕೆಳರೆಪ್ಪೆಗೆ ಕಾಗದದ ಪಟ್ಟಿ ಸಿಕ್ಕಿಸಿ ಐದು ನಿಮಿಷದಲ್ಲಿ ಎಷ್ಟು ಒದ್ದೆಯಾಯಿತು ಅಂತ ಅಳೆಯುತ್ತಾರೆ. 5 ಮಿಲಿಮೀಟರ್‌ಗೂ ಕಮ್ಮಿ ಬಂದರೆ ಲೇಸರ್‌ಗೆ ಮುಂಚೆ ಒಣ ಕಣ್ಣಿನ ಚಿಕಿತ್ಸೆ ಆಗಬೇಕು. ಕಾಂಟ್ಯಾಕ್ಟ್ ಲೆನ್ಸ್ ಹಾಕುವವರು ಡಾಕ್ಟರ್ ಹೇಳಿದಷ್ಟು ದಿನ ಮುಂಚೆಯೇ ನಿಲ್ಲಿಸಿ. ಸಕ್ಕರೆ ಕಾಯಿಲೆ ಇದ್ದರೆ, ಮೈಮೇಲೆ ಗಾಯ ಆದಾಗ ಉಬ್ಬಿದ ಕಲೆ ಬರುವ ಅಭ್ಯಾಸ ಇದ್ದರೆ, ಬಸುರಿಯಾಗಿದ್ದರೆ ಅಥವಾ ಹಾಲೂಡಿಸುತ್ತಿದ್ದರೆ ಬಾಯಿಬಿಟ್ಟು ಹೇಳಿ. ಫಾರಂನಲ್ಲಿ ಟಿಕ್ ಹಾಕಿಸಿಕೊಂಡರೆ ಸಾಲದು. ಪಿಆರ್‌ಕೆ ಅಂದರೆ ಒಂದು ವಾರ ರಜೆ ಹಾಕಿ, ಕೌಂಟರಿನವರು ಏನೇ ಹೇಳಲಿ.